ಪಾರ್ಟ್ ಟೂನಲ್ಲಿ ಇಲ್ಲದ ಕಮಾಂಡೋ

ಮೊನ್ನೆ ಭಾನುವಾರ ಸೆಲ್ವಿ ಪಕ್ಕದ ಮನೆ ಖಾಲಿ ಮಾಡಿಕೊಂಡು ಕೆ.ಆರ್. ಪುರದಲ್ಲಿರುವ ತಂಗಿ ಮನೆಗೆ ಹೋದಳು. ಸಾಮಾನೆಲ್ಲ ಒಂದೇ ಲಗೇಜ್ ಆಟೋದಲ್ಲಿ ಹಿಡಿಸಿತು. ಹೋಗುವಾಗ ನನಗೆ ಅರ್ಧ ಡಬ್ಬಿ ಹುಣಸೆಹಣ್ಣು, ಒಂದು ತುಳಸಿ ಕುಂಡ, ಒಳ್ಳೆಯದೊಂದು ಈಳಿಗೆಮಣೆ ಕೊಟ್ಟಳು. "ತಂಗಿ ಮನೇಲಿ ಮಿಕ್ಸಿ ಚಾಕು ಎಲ್ಲ ಇದೆ ಅಕ್ಕ, ಇದನ್ನ ಯಾರೂ ಮುಟ್ಟಲ್ಲ" ಅಂದಳು. ಕುಂಡವನ್ನು ನಮ್ಮ ಮೆಟ್ಟಿಲ ಪಕ್ಕ ಇಟ್ಟಿದ್ದೇನೆ. ನೀರು ಹಾಕುವಾಗೆಲ್ಲ ಕಣ್ಣು ಅವರ ಬಾಗಿಲಿನ ಬೀಗದ ಕಡೆಗೆ ಹೋಗುತ್ತದೆ.

ಸೆಲ್ವಿಯ ಗಂಡ ಈ ಆಷಾಢದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ ಆಗಿನಿಂದಲೂ ಇತ್ತು. ಹೆಸರು ಬರೆಯುವುದಿಲ್ಲ. ಹಲಸೂರಿನ ನಮ್ಮ ಗಲ್ಲಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಎಲ್ಲರಿಗೂ ಅವರು ಕಮಾಂಡೋ.

ನಿಜವಾದ ಕಮಾಂಡೋ ಅಲ್ಲ. ಹೊಟ್ಟೆಪಾಡಿಗೆ ಮಾರತ್ತಹಳ್ಳಿಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ. ಮನಸ್ಸೆಲ್ಲ ಸಿನಿಮಾದಲ್ಲಿ. ಹೀರೋ ಹಿಂದೆ ಓಡುವವರು, ಹೊಡೆತ ತಿಂದು ಮೇಜಿನ ಮೇಲೆ ಬೀಳುವವರು ಇರುತ್ತಾರಲ್ಲ, ಅಂಥ ವೇಷಗಳು. ಒಂದೇ ಒಂದು ಸಲ ದೊಡ್ಡದು ಸಿಕ್ಕಿತ್ತು. ಪೊಲೀಸರ ಒಂದು ವಿಶೇಷ ಪಡೆಯ ಕಥೆ. ಆರು ಜನ ಕಮಾಂಡೋಗಳು, ಕಪ್ಪು ಪ್ಯಾಂಟು, ಕಪ್ಪು ಶರಟು, ಕಪ್ಪು ಮುಸುಕು. ಉಗ್ರರು ಜನರನ್ನು ಕೂಡಿಹಾಕಿಕೊಂಡ ಕಟ್ಟಡಕ್ಕೆ ನುಗ್ಗಿ ಬಿಡಿಸಿಕೊಂಡು ಬರುವುದು. ಕಟ್ಟಡ ಅಂದರೆ ಕಗ್ಗದಾಸಪುರದಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಕಾಂಪ್ಲೆಕ್ಸು. ಪಾಪದ ಪಿಕ್ಚರು, ಬಡ ಪಿಕ್ಚರು. ಹೆಸರು ಹೇಳಿದರೂ ಯಾರಿಗೂ ನೆನಪಾಗಲಿಕ್ಕಿಲ್ಲ.

ಆದರೆ ಅದರಿಂದ ಅವರ ನಡಿಗೆಯೇ ಬದಲಾಯಿತು. ಗಲ್ಲಿಯ ಮೂಲೆಯನ್ನು ಅವರು ನಮ್ಮ ನಿಮ್ಮ ಹಾಗೆ ತಿರುಗುತ್ತಿರಲಿಲ್ಲ. ಗೋಡೆಗೆ ಬೆನ್ನು ಆನಿಸಿ, ಒಂದು ಗಳಿಗೆ ನಿಂತು, ಕತ್ತು ಮಾತ್ರ ಹೊರಗೆ ಚಾಚಿ ನೋಡಿ, ಆಮೇಲೆ ತಿರುಗುವುದು. ಕೈಯಲ್ಲಿ ಕೊತ್ತಂಬರಿ ಸೊಪ್ಪಿದ್ದರೂ ಹಾಗೇ. ಕೈಸನ್ನೆಗಳನ್ನಂತೂ ಗಲ್ಲಿಗೆಲ್ಲ ಕಲಿಸಿಬಿಟ್ಟಿದ್ದರು. ಮುಷ್ಟಿ ಮೇಲೆತ್ತಿದರೆ ಅಲ್ಲೇ ನಿಲ್ಲು. ಎರಡು ಬೆರಳನ್ನು ತಮ್ಮ ಕಣ್ಣಿಗೆ ತೋರಿಸಿ ಆಮೇಲೆ ಎದುರಿಗೆ ತೋರಿಸಿದರೆ, ಅಲ್ಲಿ ನೋಡು. ಕಾವೇರಿ ನೀರು ಬಿಟ್ಟ ದಿನ ಅವರು ಗಲ್ಲಿಯ ತುದಿಯಲ್ಲಿ ನಿಂತು ಎರಡು ಬೆರಳನ್ನು ಕಣ್ಣಿಗೆ, ಆಮೇಲೆ ನಲ್ಲಿಗೆ ತೋರಿಸಿದರೆ ಸಾಕು, ಹೆಂಗಸರೆಲ್ಲ ಬಿಂದಿಗೆ ಹಿಡಿದು ಹೊರಗೆ. ಒಂದು ಮಾತಿಲ್ಲ, ಕೂಗಿಲ್ಲ. ನಮ್ಮ ಯಜಮಾನರು ಊಟಕ್ಕೆ ಕೂತು ಅನ್ನ ಸಾಕು ಅನ್ನುವುದಕ್ಕೂ ಮುಷ್ಟಿ ಎತ್ತಲು ಶುರುಮಾಡಿದರು. "ನಿಮ್ಮದೂ ಶೂಟಿಂಗಾ?" ಅಂತ ನಾನು ಬೈದಿದ್ದೂ ಉಂಟು.

ಸೆಲ್ವಿ ಕಾಕ್ಸ್ ಟೌನಿನ ಒಂದು ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ಅವಳ ಬಾಯಿ ಜೋರು, ಕೈ ಧಾರಾಳ. ಮುರಿದ ಬಿಸ್ಕತ್ತು ತಂದರೆ ಗಲ್ಲಿಗೆಲ್ಲ ಹಂಚುತ್ತಿದ್ದಳು. ಗಂಡನ ಸಿನಿಮಾ ಹುಚ್ಚನ್ನು ದಿನವೂ ಹಂಗಿಸುತ್ತಿದ್ದಳು. ಆದರೆ ಬೇರೆ ಯಾರಾದರೂ ಹಂಗಿಸಿದರೆ ಅವರ ಗತಿ ಮುಗಿದ ಹಾಗೆ.

ನಾನು ಮನೆಯಲ್ಲೇ ಬ್ಲೌಸು ಹೊಲೆದು, ಸೀರೆಗೆ ಫಾಲ್ ಹಾಕಿ ಕೊಡುವವಳು. ಪಿಕ್ಚರಿನವರು ಶಿವಾಜಿನಗರದ ಫುಟ್‌ಪಾತಿನಲ್ಲಿ ಆರು ಕಪ್ಪು ಟೋಪಿ ತಂದಿದ್ದರು, ಚಳಿಗೆ ತಲೆಯಿಂದ ಕತ್ತಿನ ತನಕ ಎಳೆದುಕೊಳ್ಳುತ್ತಾರಲ್ಲ, ಅಂಥವು. ಅವನ್ನು ಪೂರ್ತಿ ಮುಖ ಮುಚ್ಚುವ ಹಾಗೆ ಹೊಲೆದು ಕಣ್ಣಿಗೆ ಮಾತ್ರ ತೂತು ಬಿಡಬೇಕಿತ್ತು. ಆ ಕೆಲಸವನ್ನು ನನಗೆ ಕೊಡಿಸಿದವರು ಸೆಲ್ವಿಯ ಗಂಡನೇ. ಐದು ಮುಗಿಸಿ ಆರನೆಯದಕ್ಕೆ ಕತ್ತರಿ ಹಾಕುವಾಗ ಹತ್ತಿರ ಬಂದು ಕೂತರು.

"ಅಕ್ಕ, ಇದು ನಂದು. ತೂತು ಸ್ವಲ್ಪ ದೊಡ್ಡದು ಮಾಡಿ."

"ಎಷ್ಟು ದೊಡ್ಡದು?"

"ಹುಬ್ಬು ಕಾಣ್ಬೇಕು. ನಂಗೆ ಹುಬ್ಬಲ್ಲೇ ಆ್ಯಕ್ಟಿಂಗ್ ಜಾಸ್ತಿ ಬರೋದು."

ಆ ಕಡೆ ಮನೆಯಿಂದಲೇ ಸೆಲ್ವಿ ಕೂಗಿದಳು. "ಮೂಗಿಗೂ ಒಂದು ಬಿಡಿಸ್ಕೊಳ್ಳಿ! ಅದೇನ್ ಪಾಪ ಮಾಡಿದೆ?"

ನಾನು ಹುಬ್ಬು ಕಾಣುವಷ್ಟು ಮಾಡಿಕೊಟ್ಟೆ. ಮಾರನೆಯ ದಿನ ಶೂಟಿಂಗಿನಲ್ಲಿ ಡೈರೆಕ್ಟರು ಸಾಲಿನಲ್ಲಿ ನಿಂತಿದ್ದವರನ್ನು ನೋಡುತ್ತಾ ಬಂದು ಇವರ ಎದುರು ನಿಂತುಬಿಟ್ಟರಂತೆ. "ಏನ್ ಗುರು, ಎಲ್ಲರದ್ದೂ ಕಿಂಡಿ, ನಿಂದೊಂದು ಕಿಟಕಿ?" ಮುಸುಕನ್ನು ಬದಲಾಯಿಸಿಬಿಟ್ಟರಂತೆ. ಅದನ್ನು ಸಾಯಂಕಾಲ ತಾವೇ ಹೇಳಿಕೊಂಡು ನಕ್ಕರು. ನಕ್ಕು, ಸ್ವಲ್ಪ ಹೊತ್ತಾದ ಮೇಲೆ ಒಂದು ಮಾತು ಹೇಳಿದರು. "ಫ್ರೇಮಲ್ಲಿ ಇರೋದು ಬೇರೆ ಅಕ್ಕ, ಕಾಣೋದು ಬೇರೆ." ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಗ್ರೂಪ್ ಫೋಟೋ ನೋಡುವಾಗಲೂ ಹೇಳುತ್ತಿದ್ದರು.

ಇಪ್ಪತ್ತು ವರ್ಷ ಫ್ರೇಮಿನಲ್ಲಿ ಇದ್ದು ಕಾಣದೆ ಹೋದ ಮನುಷ್ಯ. ಅವರಿಗೆ ಬೇಕಾಗಿದ್ದು ಅಷ್ಟೇ. ಪರದೆಯ ಮೇಲೆ ತಮ್ಮ ಮುಖ ಒಂದು ಸಲ ಸರಿಯಾಗಿ ಕಾಣಬೇಕು, ನಾಲ್ಕು ಜನ ಗುರುತು ಹಿಡಿಯಬೇಕು. ಹೀರೋ ಆಗಬೇಕು ಅಂತೇನೂ ಇರಲಿಲ್ಲ.

ಶೂಟಿಂಗ್ ಮುಗಿಯುವುದಕ್ಕೆ ಇನ್ನೂ ದಿನಗಳಿರುವಾಗ ಡೈರೆಕ್ಟರಿಗೆ ಕಥೆಯಲ್ಲಿ ಅಳು ಸಾಲದು ಅನ್ನಿಸಿತಂತೆ. ಕಮಾಂಡೋಗಳಲ್ಲಿ ಒಬ್ಬ ಸಾಯಬೇಕು ಅಂದರಂತೆ. "ಯಾರು ಸಾಯ್ತೀರ?" ಆರೂ ಜನ ಮುಖ ಮುಖ ನೋಡಿಕೊಂಡರು. ಸತ್ತವನಿಗೆ ನಾಳೆಯಿಂದ ಕೆಲಸ ಇಲ್ಲವಲ್ಲ, ಯಾರು ಒಪ್ಪುತ್ತಾರೆ? ಆಗ ಡೈರೆಕ್ಟರು, "ಸಾಯೋವಾಗ ಹೀರೋ ಅವನ ಮುಸುಕು ತೆಗೀತಾನೆ, ಕ್ಲೋಸಪ್ ಇರತ್ತೆ" ಅಂದರು.

"ಕ್ಲೋಸಪ್ ಅಂತ ಬಾಯಿಂದ ಪೂರ್ತಿ ಬಂದಿರ್ಲಿಲ್ಲ ಅಕ್ಕ, ನನ್ನ ಕೈ ಮೇಲಿತ್ತು" ಅಂತ ಇವರು ಹೇಳುತ್ತಿದ್ದರು.

ಸತ್ತರು. ಹೀರೋ ತೊಡೆಯ ಮೇಲೆ ತಲೆಯಿಟ್ಟು, ಮುಸುಕು ತೆಗೆಸಿಕೊಂಡು, ಹುಬ್ಬು ಒಂದು ಸಲ ಮೇಲಕ್ಕೆತ್ತಿ, ಸತ್ತರು. ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಹೆಣವಾಗಿ ಮಲಗಿದವರು ಶಾಟ್ ಮುಗಿದ ತಕ್ಷಣ ಎದ್ದು ಕೂತು, ಕ್ಯಾಮೆರಾ ನೋಡಿ ಒಂದು ಸಲ ನಗಬೇಕು. ಆ ನಗುವನ್ನೂ ಚಿತ್ರೀಕರಿಸುತ್ತಾರೆ, ಪಿಕ್ಚರಿನಲ್ಲಿ ಹಾಕುವುದಿಲ್ಲ. ನಗದೆ ಎದ್ದರೆ ದೋಷ, ಸಾವು ಮೈಗೆ ಅಂಟಿಕೊಳ್ಳುತ್ತದೆ ಅಂತ ನಂಬಿಕೆ. ಇವರು ನಗಲಿಕ್ಕೆ ಕೂತವರು ನಿಲ್ಲಿಸಲೇ ಇಲ್ಲವಂತೆ. ಡೈರೆಕ್ಟರು "ಕಟ್, ಸಾಕು ಏಳಪ್ಪಾ" ಅಂದರೂ ಹಲ್ಲು ಬಿಟ್ಟುಕೊಂಡೇ ಇದ್ದರಂತೆ. ಅದೂ ಕ್ಲೋಸಪ್ಪೇ ತಾನೆ!

ಪಿಕ್ಚರು ಒಂದು ವಾರ ಓಡಿ ಆಮೇಲೆ ಮೊಬೈಲಿಗೆ ಬಂತು. ಅವರು ಸಾಯುವುದನ್ನು ನಮ್ಮ ಗಲ್ಲಿಯಲ್ಲಿ ನೋಡದವರಿಲ್ಲ. ಹಬ್ಬಕ್ಕೆ ಮನೆಗೆ ಬಂದ ನೆಂಟರಿಗೆ ಕೋಸಂಬರಿ ಕೊಟ್ಟ ಮೇಲೆ ಮುಂದಿನದು ಇವರ ಸಾವು. ಸೆಲ್ವಿ ಆ ಹೊತ್ತಿಗೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಶಿವಾಜಿನಗರದ ಮಾರ್ಕೆಟ್ಟಿನಿಂದ ಕೈಯಲ್ಲಿ ಸಪೋಟ ಹಿಡಿದು ಓಡಿಕೊಂಡೇ ಬಂದರು. ಹಣ್ಣಿನ ಸಾಬರು ಒಬ್ಬರು ಇವರ ಮುಖ ನೋಡಿ ನೋಡಿ, "ಅರೆ ಭಾಯ್, ತುಮೆ ತೋ ಮರ್‌ಗಯೇ ಥೇ ನಾ?" ಅಂದರಂತೆ, ನೀವು ಸತ್ತುಹೋಗಿದ್ರಲ್ಲ ಅಂತ. ತೂಕದ ಮೇಲೆ ಎರಡು ಹಣ್ಣು ಹೆಚ್ಚಿಗೆ ಹಾಕಿದರಂತೆ.

"ಸತ್ತೋನು ಅಂತ ಗುರುತು ಹಿಡಿದ್ರು ಅಕ್ಕ! ಮುಖ ನೋಡಿ!"

"ಎಲ್ಲರಿಗೂ ಬದುಕಿದ್ದಾಗ ಗುರುತು ಸಿಗತ್ತೆ, ನಿಮ್ಮದು ಎಲ್ಲಾ ಉಲ್ಟಾ" ಅಂದಳು ಸೆಲ್ವಿ. ಆದರೆ ಆ ಎರಡು ಹಣ್ಣನ್ನು ತಾನು ತಿನ್ನದೆ ಮುರುಗನ ಪಟದ ಮುಂದೆ ಇಟ್ಟಳು.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಪಾರ್ಟ್ ಟೂ ಮಾಡುತ್ತಾರಂತೆ ಅಂತ ಸುದ್ದಿ ಬಂತು. ಹೊಸ ಪ್ರೊಡ್ಯೂಸರು ಸಿಕ್ಕಿದ್ದರು. ಇವರ ಸಂಭ್ರಮ ಹೇಳತೀರದು. ರಾತ್ರಿ ಅನ್ನ ಬಿಟ್ಟರು. ಬೆಳಿಗ್ಗೆ ಕೆರೆಯ ಸುತ್ತ ಓಡಿದರು. ತಲೆಗೆ ಬಣ್ಣ ಹಚ್ಚಿಕೊಂಡು ದಿಂಬೆಲ್ಲ ಕಪ್ಪು ಮಾಡಿ ಸೆಲ್ವಿಯಿಂದ ಬೈಸಿಕೊಂಡರು. ಹೀಗಿರುವಾಗ ಡೈರೆಕ್ಟರು ಹೊಸ ಮುಸುಕುಗಳನ್ನು ಹೊಲಿಸಲು ನಮ್ಮ ಮನೆಗೇ ಬಂದರು. ಮೊದಲು ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದವರು. ಕೆಟ್ಟ ಮನುಷ್ಯ ಅಲ್ಲ. ಕಾಫಿ ಕೊಟ್ಟೆ. ಇವರು ಹೊಸ ಶರಟು ಹಾಕಿಕೊಂಡು ಬಂದು ಬಾಗಿಲ ಹತ್ತಿರ ನಿಂತರು.

"ಕೂತ್ಕೋ ಗುರು. ಏನು, ಇಳಿದುಬಿಟ್ಟಿದೀಯಾ?"

"ಫಿಟ್ ಆಗಿದೀನಿ ಸಾರ್. ಪಾರ್ಟ್ ಟೂಗೆ."

ಡೈರೆಕ್ಟರು ಲೋಟ ಕೆಳಗಿಟ್ಟರು. "ನೀನು ಸತ್ತಿದೀಯಲ್ಲ ಗುರು."

ನಾನು ಹೊಲಿಗೆ ಮೆಷಿನ್ನು ತುಳಿಯುವುದನ್ನು ನಿಲ್ಲಿಸಿದೆ. ಇವರ ಮುಖ ನೋಡಿದರೆ, ಅದು ಅಷ್ಟು ದಿನ ಅವರಿಗೆ ಹೊಳೆದೇ ಇರಲಿಲ್ಲ ಅಂತ ಕಾಣುತ್ತಿತ್ತು. ನಮಗೂ ಹೊಳೆದಿರಲಿಲ್ಲ. ಇಡೀ ಗಲ್ಲಿ ಅವರು ಸತ್ತಿದ್ದನ್ನು ನೋಡಿತ್ತು, ಒಬ್ಬರಿಗೂ ಹೊಳೆದಿರಲಿಲ್ಲ.

"ಆಸ್ಪತ್ರೇಲಿ ಬದುಕಿಕೊಂಡೆ ಅಂತ ಮಾಡಿ ಸಾರ್."

"ಬಾವುಟ ಹೊದಿಸಿ ಗುಂಡು ಹಾರಿಸಿ ಕಳಿಸಿದೀವಲ್ಲ ಮಾರಾಯ. ಎಲ್ಲಿಂದ ಬದುಕಿಸ್ಲಿ?"

"ಅವಳಿ ತಮ್ಮ?"

"ಹೀರೋಗೇ ಡಬಲ್ ಆ್ಯಕ್ಟಿಂಗ್ ಇಲ್ಲ, ನಿಂಗೆ ಕೊಟ್ರೆ ಅವನು ಸುಮ್ನಿರ್ತಾನಾ?"

"ಮಿಕ್ಕ ಐದು ಜನ ಇದಾರಲ್ಲ ಸಾರ್."

"ಅವರ ಮುಖ ಯಾರು ನೋಡಿದಾರೆ? ಬೇಕಾದ್ರೆ ನೀನೂ ಮುಸುಕು ಹಾಕ್ಕೊಂಡು ಬಂದ್ಬಿಡು. ಹೊಸಬ ಅಂತ ಕೊನೇಲಿ ನಿಲ್ಲಿಸ್ತೀನಿ. ಒಳಗೆ ಯಾರಿದಾರೆ ಅಂತ ಯಾರಿಗೆ ಗೊತ್ತಾಗತ್ತೆ?"

ಒಪ್ಪಿಕೊಳ್ಳಲಿ ಅಂತ ನನ್ನ ಮನಸ್ಸು ಹೇಳುತ್ತಿತ್ತು. ಹೊಸ ಕಪ್ಪು ಬಟ್ಟೆ ನನ್ನ ಕೈಯಲ್ಲೇ ಇತ್ತು. ಇವರು ಅದನ್ನು ನೋಡಿ ತಲೆ ಅಲ್ಲಾಡಿಸಿದರು. "ಬೇಡ ಸಾರ್. ಒಂದ್ಸಲ ಮುಖ ತೋರ್ಸಿದ ಮೇಲೆ ಮತ್ತೆ ಮುಸುಕು ಬೇಡ."

ಅಷ್ಟು ಬಡವರಿಗೆ ಅಷ್ಟು ಹಟ ಇರಬಾರದು ಅಂತ ಲೋಕ ಹೇಳುತ್ತದೆ. ಡೈರೆಕ್ಟರು ಅದನ್ನು ಹೇಳಲಿಲ್ಲ. ಕೆನ್ನೆ ಕೆರೆದುಕೊಂಡು ಯೋಚಿಸಿ, "ಒಂದು ಕೆಲಸ ಮಾಡಣ. ನಿನ್ನ ಫೋಟೋ ಇಡಣ. ಹುತಾತ್ಮ ಅಂತ. ದೊಡ್ಡದಾಗಿ ಕಟ್ಟು ಹಾಕ್ಸಿ, ಹಾರ ಹಾಕಿ, ಗೋಡೆ ಮೇಲೆ. ಹೀರೋ ಪ್ರತಿಸಲ ಹೊರಡೋಕ್ ಮುಂಚೆ ನಿಂಗೆ ಸೆಲ್ಯೂಟ್ ಹೊಡೀತಾನೆ" ಅಂದರು.

ಇವರ ಹುಬ್ಬು ಮೇಲಕ್ಕೆ ಹೋಯಿತು. "ಪಿಕ್ಚರ್ ಪೂರ್ತಿ ಇರ್ತೀನಾ ಸಾರ್?"

"ಪೂರ್ತಿ."

ಆ ಸಾಯಂಕಾಲದ ಜಗಳ ಗೋಡೆಯಾಚೆಯಿಂದ ಅಕ್ಷರ ಅಕ್ಷರ ಕೇಳಿಸಿತು. "ಇರೋ ಗಂಡನ ಪಟಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚೋದಕ್ಕೆ ನನ್ನ ತಾಳಿ ಏನು ಶೂಟಿಂಗ್ ಸಾಮಾನಾ?" ಅಂತ ಸೆಲ್ವಿ. "ಹೀರೋ ಸೆಲ್ಯೂಟ್ ಹೊಡೀತಾನೆ ಕಣೇ ನಂಗೆ" ಅಂತ ಇವರು. "ನಿಮಗಲ್ಲ, ಹೆಣಕ್ಕೆ!" ಆಮೇಲೆ ಪಾತ್ರೆ ಬಿದ್ದ ಸದ್ದು. ಬೆಳಿಗ್ಗೆ ನೀರಿಗೆ ಬಂದಾಗ ಅವಳ ಕಣ್ಣು ಊದಿಕೊಂಡಿತ್ತು. "ಹೇಳಿ ಹೇಳಿ ಸಾಕಾಯ್ತು ಅಕ್ಕ. ಚಿಕ್ಕ ಮಗು ಥರ ಕೇಳ್ತಾರೆ. ಇಲ್ಲ ಅಂತ ಹೆಂಗನ್ನಲಿ?"

ಫೋಟೋವನ್ನು ಶಿವಾಜಿನಗರದ ಒಂದು ಸ್ಟುಡಿಯೋದಲ್ಲಿ ತೆಗೆಸಿದರು. ಸೆಲ್ವಿಯ ಸಮಾಧಾನಕ್ಕೆ ಅಂತ ಒಂದರಲ್ಲಿ ಮುಂಚಿತವಾಗಿಯೇ ನಕ್ಕುಬಿಟ್ಟಿದ್ದರು. "ನೋಡು, ನಕ್ಕೇ ಸತ್ತಿದೀನಿ, ದೋಷ ಇಲ್ಲ" ಅಂತ ತೋರಿಸಿದರು. ಡೈರೆಕ್ಟರು, ಹುತಾತ್ಮರು ಹಾಗೆಲ್ಲ ಹಲ್ಲು ಬಿಡಬಾರದು ಅಂತ ಬಿಗಿದ ಮುಖದ್ದನ್ನೇ ಆರಿಸಿದರು.

ಶೂಟಿಂಗಿಗೆ ಗಲ್ಲಿಯ ಹೆಂಗಸರನ್ನೂ ಕರೆದಿದ್ದರು, ಹುತಾತ್ಮನ ಮನೆಯ ನೆರೆಹೊರೆಯವರು ಅಂತ ಹಿಂದೆ ಕೂರಲು. ಸೆಲ್ವಿ ಬರಲಿಲ್ಲ. ಅವತ್ತು ಇಡೀ ದಿನ ಸೋಮೇಶ್ವರನ ಗುಡಿಯಲ್ಲಿ ಕೂತಿದ್ದಳು. ಹುತಾತ್ಮನ ತಾಯಿಯ ಪಾತ್ರಕ್ಕೆ ಬರಬೇಕಾಗಿದ್ದ ಕಲಾವಿದೆ ಬೇರೆ ಶೂಟಿಂಗಿಗೆ ಹೋಗಿಬಿಟ್ಟಿದ್ದರು. ಡೈರೆಕ್ಟರು ನಮ್ಮ ಸಾಲನ್ನೆಲ್ಲ ನೋಡಿ ನನ್ನ ಮುಂದೆ ನಿಂತರು.

"ಅಮ್ಮಾ, ನೀವೇ ತಾಯಿ."

"ಅಯ್ಯೋ ರಾಮ, ನಂಗೂ ಅವರಿಗೂ ಆರು ವರ್ಷ ವ್ಯತ್ಯಾಸ ಕಣ್ರೀ! ಆರನೇ ವರ್ಷಕ್ಕೆ ಹೆತ್ತೆನಾ?"

"ತಲೆ ಮೇಲೆ ಸೆರಗು ಹೊದ್ಕೊಳ್ಳಿ, ಎಲ್ಲಾ ಸರಿಹೋಗತ್ತೆ."

ಇವರು ಓಡಿ ಬಂದರು. "ಅಕ್ಕ, ನನಗೋಸ್ಕರ."

ಕೂತೆ. ಎದುರಿಗೆ ಗೋಡೆಯ ಮೇಲೆ ಅವರ ಪಟ, ಚೆಂಡುಹೂವಿನ ಹಾರ, ಊದುಬತ್ತಿ. ಕೆಲಸಕ್ಕೆ ಜನ ಕಡಿಮೆ ಅಂತ, ಬೆಳಕು ತಿರುಗಿಸುವ ಬಿಳಿ ಥರ್ಮಾಕೋಲ್ ಹಲಗೆಯನ್ನು ಇವರ ಕೈಗೇ ಕೊಟ್ಟಿದ್ದರು. ಎರಡು ಕೈಯಲ್ಲೂ ತಲೆಯ ಮೇಲೆ ಎತ್ತಿ ಹಿಡಿದು ಕ್ಯಾಮೆರಾ ಪಕ್ಕದಲ್ಲಿ ನಿಂತಿದ್ದರು. ನನಗೆ ಅಳು ಬರಲಿಲ್ಲ. ಕಣ್ಣಿಗೆ ಏನೋ ಹಾಕುತ್ತೇವೆ ಅಂದರು. ಅಷ್ಟರಲ್ಲಿ ನಾನು ಇವರ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಹಲಗೆಯನ್ನು ಒಂದು ಬೆರಳಿನಷ್ಟು ಆ ಕಡೆ, ಒಂದು ಬೆರಳಿನಷ್ಟು ಈ ಕಡೆ ವಾಲಿಸುತ್ತಾ, ಪಟದ ಮೇಲೆ ಬೆಳಕು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಅಂತ ನೋಡುತ್ತಿದ್ದರು. ಗಾಜಿನ ಹೊಳಪಿಗೆ ಮುಖ ಮುಚ್ಚಿಹೋಗಬಾರದಲ್ಲ. ಆಗ ನನಗೆ ಅಳು ಬಂತು. ಯಾವ ಔಷಧಿಯೂ ಬೇಕಾಗಲಿಲ್ಲ.

"ಸೂಪರ್ ಅಮ್ಮ! ಕಟ್!"

ಕಣ್ಣೊರೆಸಿಕೊಂಡು ಎದ್ದು ಕ್ಯಾಮೆರಾದವನಿಗೆ ಹೇಳಿದೆ. "ಅವರನ್ನೊಂದು ಸಲ ನಗಿಸಿ ತೆಗೀರಪ್ಪಾ, ಪದ್ಧತಿ ಇದೆಯಲ್ಲ."

"ಹೆಣಕ್ಕೆ ಮಾತ್ರ ಆಂಟಿ, ಫೋಟೋಗೆಲ್ಲ ಅದಿಲ್ಲ" ಅಂತ ಅವನು ವೈರು ಸುತ್ತತೊಡಗಿದ. "ಬಿಡಿ ಅಕ್ಕ, ಅವರಿಗೆ ಹೊತ್ತಾಗತ್ತೆ" ಅಂದರು ಇವರು. ಹಲಗೆಯನ್ನು ಇನ್ನೂ ತಲೆಯ ಮೇಲೇ ಹಿಡಿದುಕೊಂಡಿದ್ದರು. ಇಳಿಸಿ ಅಂತ ಯಾರೂ ಹೇಳಿರಲಿಲ್ಲ.

ಪಿಕ್ಚರು ಬಿಡುಗಡೆಯಾದ ಶುಕ್ರವಾರ ಕೆ.ಆರ್. ಪುರದ ಕಡೆಯ ಒಂದು ಥಿಯೇಟರಿನಲ್ಲಿ ಬೆಳಗಿನ ಆಟ. ಗಲ್ಲಿಯವರು ಹತ್ತು ಹನ್ನೆರಡು ಜನ ಬಸ್ಸು ಹತ್ತಿಕೊಂಡು ಹೋದೆವು. ಸೆಲ್ವಿಯೂ ಬಂದಳು, ಮದುವೆಯಲ್ಲಿ ಕೊಟ್ಟ ಸೀರೆ ಉಟ್ಟು. ಬೇಕರಿಯಿಂದ ದಿಲ್‌ಪಸಂದ್ ತಂದಿದ್ದಳು, ಇಂಟರ್ವೆಲ್ಲಿಗೆ ಹಂಚಲು. ಒಳಗೆ ನಮ್ಮನ್ನು ಬಿಟ್ಟರೆ ಅಲ್ಲೊಬ್ಬರು ಇಲ್ಲೊಬ್ಬರು.

ಶುರುವಾಗಿ ಸ್ವಲ್ಪ ಹೊತ್ತಿಗೆ ನಾನು ಬಂದೆ. ಪರದೆ ತುಂಬ ನನ್ನ ಮುಖ, ಸೆರಗು, ಕಣ್ಣೀರು. ಗಲ್ಲಿಯವರು ಶಿಳ್ಳೆ ಹೊಡೆದರು. ನಾನು ಅಳುತ್ತಾ ಕತ್ತೆತ್ತಿ ಗೋಡೆ ನೋಡಿದೆ. ಆಮೇಲೆ ಗೋಡೆಯ ಮೇಲಿನ ಪಟವನ್ನು ತೋರಿಸಿದರು.

ಅದು ಅವರಲ್ಲ. ದಪ್ಪ ಮೀಸೆಯ, ಗುಂಡು ಮುಖದ ಬೇರೆ ಯಾರೋ. ಅದೇ ಯೂನಿಫಾರಂ, ಅದೇ ಹಾರ, ಅದೇ ಗೋಡೆ. ಹೀರೋ ಬಂದು ಆ ದಪ್ಪ ಮೀಸೆಗೆ ಸೆಲ್ಯೂಟ್ ಹೊಡೆದ.

ಶಿಳ್ಳೆ ನಿಂತುಹೋಯಿತು. ಸೆಲ್ವಿ ನನ್ನ ಕಿವಿಯ ಹತ್ತಿರ ಬಂದಳು. "ಇದು ಬೇರೆ ರೂಮಾ ಅಕ್ಕ? ಅವರದ್ದು ಇನ್ನೊಂದು ರೂಮಲ್ಲಿ ಬರತ್ತೇನೋ."

"ಬರತ್ತೇನೋ" ಅಂದೆ.

ಹೀರೋ ಎಷ್ಟು ಸಲ ಸೆಲ್ಯೂಟ್ ಹೊಡೆದನೋ ಅಷ್ಟು ಸಲವೂ ದಪ್ಪ ಮೀಸೆಯೇ. ಇಂಟರ್ವೆಲ್ಲಿನಲ್ಲಿ ದಿಲ್‌ಪಸಂದ್ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಎದ್ದು ಹೋಗೋಣ ಅಂತ ನಮ್ಮ ಯಜಮಾನರು ಮೆಲ್ಲಗೆ ಅಂದರು. ಇವರು ಬೇಡ ಅನ್ನುವಂತೆ ಕೈ ಅಡ್ಡ ಮಾಡಿದರು. ಕೊನೆಯ ಹೆಸರು ಉರುಳಿ ದೀಪ ಹತ್ತುವ ತನಕ ಕೂತರು. ಹೊರಗೆ ಬರುವಾಗ ಬೇರೆ ಪ್ರೇಕ್ಷಕರು ಫೈಟಿನ ಬಗ್ಗೆ ಮಾತಾಡುತ್ತಿದ್ದರು. ಮೊದಲ ಭಾಗದಲ್ಲಿ ಸತ್ತವನ ಮುಖ ಎರಡನೇ ಭಾಗದಲ್ಲಿ ಬದಲಾಗಿದೆ ಅಂತ ಒಬ್ಬರೂ ಅನ್ನಲಿಲ್ಲ.

ಬಸ್ಸಿನಲ್ಲಿ ಸೆಲ್ವಿ ಅವರ ತೋಳು ಹಿಡಿದುಕೊಂಡಿದ್ದಳು. "ಒಳ್ಳೇದೇ ಆಯ್ತು ಬಿಡಿ. ನಿಮ್ಮ ಪಟಕ್ಕೆ ಹಾರ ಬೀಳ್ಲಿಲ್ಲ."

"ಹೂಂ" ಅಂದರು.

ಮಾರನೆಯ ದಿನ ನಮ್ಮ ಮೆಟ್ಟಿಲ ಮೇಲೆ ಕೂತೇ ಡೈರೆಕ್ಟರಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. "ಪ್ರೊಡ್ಯೂಸರ್ ಬಾಮೈದ ಗುರು. ಅವನಿಗೂ ಪಿಕ್ಚರಲ್ಲಿ ಬರ್ಬೇಕು ಅಂತ ಆಸೆ ಇತ್ತು, ಆ್ಯಕ್ಟಿಂಗ್ ಬರಲ್ಲ. ನಾನೇನ್ ಮಾಡ್ಲಿ? ಕೊನೇಲಿ ಪಟ ಒಂದನ್ನೇ ಬೇರೆ ತೆಗೆದು ಸೇರಿಸಿದ್ವಿ. ಗೋಡೆ ಮೇಲಿನ ಫೋಟೋ ಗುರು, ಯಾರ್ ನೋಡ್ತಾರೆ?"

ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. "ಯಾರ್ ನೋಡ್ತಾರೆ ಅಂದ್ರು ಅಕ್ಕ" ಅಂದರು. ಸಿಟ್ಟಿನಿಂದ ಅಲ್ಲ. ಏನೋ ಲೆಕ್ಕ ಕೊನೆಗೂ ಸರಿಹೋಯಿತು ಅನ್ನುವ ಹಾಗೆ.

ಅಲ್ಲಿಂದ ಮುಂದೆ ಅವರು ಗಲ್ಲಿಯ ನಡುವೆ ನಡೆಯತೊಡಗಿದರು. ಮೂಲೆಯಲ್ಲಿ ನಿಲ್ಲುವುದಿಲ್ಲ, ಇಣುಕುವುದಿಲ್ಲ. ಮಕ್ಕಳು ಮುಷ್ಟಿ ಎತ್ತಿದರೆ ಪಕ್ಕದಿಂದ ದಾಟಿಕೊಂಡು ಹೋಗುವುದು. ನೀರು ಬಂದರೆ ಯಾರೋ ಒಬ್ಬರು ಕೂಗಬೇಕಾಯಿತು, ಎಲ್ಲ ಗಲ್ಲಿಗಳ ಹಾಗೆ. ತಲೆಗೆ ಬಣ್ಣ ಬಿಟ್ಟರು, ಬುಡದಿಂದ ಬಿಳಿ ಬಂತು. ಡಬಲ್ ಡ್ಯೂಟಿ ಮಾಡಲು ಶುರುಮಾಡಿದರು. ಸೆಲ್ವಿಯ ಜೋರು ಬಾಯಿಯೂ ಕಡಿಮೆಯಾಯಿತು. ಹಂಗಿಸಿದರೆ ಉತ್ತರ ಕೊಡುವವರು ಬೇಕಲ್ಲ. "ಒಂದ್ಸಲ ಬೈರಿ ಅಂತೀನಿ ಅಕ್ಕ, ಬೈಯಲ್ಲ. ಸಾರಿಗೆ ಉಪ್ಪು ಹಾಕ್ದೇ ಇಟ್ಟೆ ಬೇಕಂತ. ತಿಂದು ಎದ್ದುಹೋದ್ರು."

ಎದೆ ಹಿಡಿದುಕೊಂಡ ಹಾಗಾಗುತ್ತದೆ ಅನ್ನುತ್ತಿದ್ದರು. ಗ್ಯಾಸು ಅಂತ ಸೋಡಾ ಕುಡಿಯುತ್ತಿದ್ದರು. ನಾನು ಜೀರಿಗೆ ಕಷಾಯ ಮಾಡಿ ಕೊಟ್ಟೆ. ಡಾಕ್ಟರ ಹತ್ತಿರ ಹೋಗಿ ಅಂದರೆ, "ಏನಿಲ್ಲ ಬಿಡಿ ಅಕ್ಕ" ಅನ್ನುವುದು. ಆ ಮಾತೊಂದೇ ಅವರಿಗೆ ಉಳಿದಿತ್ತು ಅನ್ನಿಸುತ್ತದೆ.

ಆಷಾಢದ ಒಂದು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟರು. ಟೋಪಿ ಹಣೆಗೆ ಇಳಿದಿತ್ತಂತೆ. ಆಫೀಸಿಗೆ ಹೋಗುವವರು, ಶಾಲೆಗೆ ಮಕ್ಕಳನ್ನು ಬಿಡುವವರು, ವಾಕಿಂಗಿಗೆ ಬಂದವರು, ಎಲ್ಲ ಎದುರಿನಿಂದಲೇ ದಾಟಿದ್ದಾರೆ. ಒಬ್ಬರು, ಡ್ಯೂಟಿಯಲ್ಲಿ ನಿದ್ದೆ ಹೊಡೀತೀಯಾ ಅಂತ ಬೈದಿದ್ದಾರೆ. ಒಬ್ಬ ಡ್ರೈವರು ಹಾರನ್ ಹೊಡೆದು ಸಾಕಾಗಿ ತಾನೇ ಇಳಿದು ಗೇಟು ತೆಗೆದುಕೊಂಡು ಹೋಗಿದ್ದಾನೆ. ಗುಡಿಸುವ ಹೆಂಗಸು ಕಾಲು ಎತ್ತಿಕೊಳ್ಳಿ ಅಂತ ಹೇಳಿ, ಎತ್ತದಿದ್ದಾಗ ಕೈ ಮುಟ್ಟಿ ನೋಡಿದಳು. ತಣ್ಣಗಿತ್ತು. ಇದನ್ನೆಲ್ಲ ನಮಗೆ ಹೇಳಿದವಳು ಅವಳೇ, ಮಣ್ಣಿಗೆ ಬಂದಿದ್ದಳು. ಆ ಅಪಾರ್ಟ್‌ಮೆಂಟಿನಿಂದ ಬಂದವಳು ಅವಳೊಬ್ಬಳೇ.

ಕಾರ್ಯ ಎಲ್ಲ ಮುಗಿದ ಮೇಲೆ ಸೆಲ್ವಿ ಜೊತೆ ನಾನೂ ಅಲ್ಲಿಗೆ ಹೋದೆ. ಅವರ ಚೀಲ ಅಲ್ಲೇ ಉಳಿದಿತ್ತು. ಯೂನಿಫಾರಂ ವಾಪಸ್ ಕೊಡಬೇಕು ಅಂತ ಏಜೆನ್ಸಿಯವರು ಫೋನ್ ಮಾಡಿದ್ದರು. ಒಗೆದು ಇಸ್ತ್ರಿ ಮಾಡಿ ಕವರಿನಲ್ಲಿ ಹಾಕಿಕೊಂಡಿದ್ದೆವು. ಅವರು ಕೂತಿದ್ದ ಜಾಗವನ್ನು ಒಂದು ಸಲ ನೋಡಬೇಕು, ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರ ಬಾಯಿಂದ ಒಂದು ಮಾತು ಕೇಳಬೇಕು ಅಂತ ಸೆಲ್ವಿಯ ಆಸೆ.

ಗೇಟಿನಲ್ಲಿ ಹೊಸ ಸೆಕ್ಯುರಿಟಿ ಇದ್ದರು, ಮುಳಬಾಗಿಲ ಕಡೆಯ ವಯಸ್ಸಾದ ಮನುಷ್ಯ. ವಿಷಯ ಹೇಳಿದ ಕೂಡಲೇ ಎದ್ದು ನಿಂತರು. "ಹಂಗೇ ಬಿಡಂಗಿಲ್ಲ ತಾಯಿ. ಬಂದವರ ಫೋಟೋ ಹಿಡಿದು ಮನೆಯವರಿಗೆ ಕಳಿಸ್ಬೇಕು. ಅವರು ಹೂಂ ಅಂದ್ರೆ ಗೇಟು. ರೂಲ್ಸು" ಅಂತ ಗೇಟಿನ ಮೊಬೈಲನ್ನು ಎತ್ತಿದರು. "ಮುಖ ಸ್ವಲ್ಪ ಮೇಲೆ ಮಾಡಿ." ಸೆಲ್ವಿ ಸೆರಗು ಸರಿಮಾಡಿಕೊಂಡು ಬರಿ ಹಣೆಯ ಮುಖವನ್ನು ಮೇಲೆತ್ತಿದಳು.

ಫೋಟೋವನ್ನು ಸೆಕ್ರೆಟರಿಗೆ ಕಳಿಸಿದರು. ಕಾದೆವು. ಮೊಬೈಲು ಸದ್ದು ಮಾಡಿತು. ಅವರು ನೋಡಿ ಮುಖ ಸಣ್ಣದು ಮಾಡಿಕೊಂಡರು.

"ಗೊತ್ತಿಲ್ಲ ಅಂತ ಬಂತು ತಾಯಿ."

"ಇಲ್ಲೇ ಸತ್ತವರ ಹೆಂಡತಿ ಅಂತ ಹೇಳ್ರೀ" ಅಂದೆ. ನನ್ನ ದನಿ ಜೋರಾಯಿತು. ಅವರು ಫೋನ್ ಹಚ್ಚಿದರು. "ಯಾವ ಸೆಕ್ಯುರಿಟಿ?" ಅಂತ ಆ ಕಡೆಯ ದನಿ. "ಆ ವಿಷಯ ಏಜೆನ್ಸಿ ನೋಡ್ಕೊಳ್ಳತ್ತೆ, ಅವರ ಹತ್ರ ಮಾತಾಡಕ್ ಹೇಳಿ. ಮೀಟಿಂಗಲ್ಲಿದೀನಿ."

ಮುಳಬಾಗಿಲ ಮನುಷ್ಯ ತಾವೇ ಒಳಗೆ ಹೋಗಿ ಚೀಲ ತಂದುಕೊಟ್ಟರು. ಊಟದ ಡಬ್ಬಿ, ಬಾಚಣಿಗೆ, ಒಂದು ಜೊತೆ ಚಪ್ಪಲಿ. ಯೂನಿಫಾರಮ್ಮಿನ ಕವರು ಇಸಿದುಕೊಂಡರು. ಸೆಲ್ವಿ ಹೊರಡಲಿಲ್ಲ. ಅವರ ಕೈಯಲ್ಲಿದ್ದ ಮೊಬೈಲನ್ನೇ ನೋಡುತ್ತಿದ್ದಳು.

"ಅಣ್ಣಾ, ಅವರೂ ಇದೇ ಫೋನಲ್ಲೇ ಹಿಡೀತಿದ್ರಾ?"

"ಇದೇ ತಾಯಿ. ಗೇಟಿಗೆ ಒಂದೇ ಫೋನು. ದಿನಾ ನೂರಾರು ಮುಖ ಹಿಡೀಬೇಕು."

"ಅವರದ್ದು ಒಂದಾದ್ರೂ ಇದೆಯಾ ಇದರಲ್ಲಿ?"

ಅವರು ನಿಜವಾಗಿಯೂ ಹುಡುಕಿದರು. ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ ಬಹಳ ಹೊತ್ತು ನೋಡಿದರು. ಹಾಲಿನವರು, ಕೊರಿಯರಿನವರು, ಕೆಲಸದವರು, ಒಂದೊಂದೇ ಮುಖ ಸರಿದುಹೋಯಿತು. ಕೊನೆಗೆ ಫೋನನ್ನು ಕೆಳಗಿಳಿಸಿದರು.

"ಇಲ್ಲ ತಾಯಿ. ಗೇಟಲ್ಲಿ ನಿಂತೋನ ಮುಖ ಇದರಲ್ಲಿ ಯಾಕಿರತ್ತೆ?"

ಹಿಂದೆ ಒಂದು ಕಾರು ಹಾರನ್ ಹೊಡೆಯಿತು. ನಾವು ಚೀಲ ಎತ್ತಿಕೊಂಡು ಪಕ್ಕಕ್ಕೆ ಸರಿದೆವು. ಅವರು ಟೋಪಿ ಸರಿಮಾಡಿಕೊಂಡು ಗೇಟು ತೆಗೆಯಲು ಓಡಿದರು.